ಆಡುವವನೂ ಆಡಿಸುವವನೂ: ಗುರುದತ್ತರ ‘ಬಾಜಿ’

ಗಜೇಂದ್ರಗಡದ ಬಳಿಯ ಪುರ್ತಗೇರಿ ನನ್ನ ತಾಯಿಯ ತವರೂರು. ನಮ್ಮ ಕಡೆ ನಾಗರಪಂಚಮಿಯೆಂದರೆ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ಪಣ. ಇಷ್ಟು ಎಸೆತದಲ್ಲಿ ತೆಂಗಿನಕಾಯಿಯನ್ನು ಊರ ಅಗಸೆಗೆ ಮುಟ್ಟಿಸುತ್ತೇನೆಂದು ಒಬ್ಬ, ಆಗದೆಂದು ಇನ್ನೊಬ್ಬ. ಅಷ್ಟಕ್ಕೇ ನಿಂತರೆ ಅದು ವಿನೋದ. ನನ್ನ ಸೋದರಮಾವನ ಪಾಲಿಗೆ ಅಷ್ಟಕ್ಕೇ ನಿಲ್ಲಲಿಲ್ಲ. ಹಬ್ಬದ ಪಣ ದಿನನಿತ್ಯದ ಇಸ್ಪೀಟಾಯಿತು. ಇಸ್ಪೀಟು ಒಂದು ಕೂರಿಗೆ ಎರೆಹೊಲವನ್ನು ನುಂಗಿತು. ಕೊನೆಗಾಲದಲ್ಲಿ ಆತ ನನಗೆ ಹೇಳಿದ ಮಾತು ಒಂದೇ: “ಆಡಾಂವ ಸೋಲ್ತಾನೋ ತಮ್ಮಾ, ಆಡಸಾಂವ ಎಂದೂ ಸೋಲಂಗಿಲ್ಲ.”

ಈ ಮಾತಿನ ಪೂರ್ಣ ಅರ್ಥ ನನಗಾದದ್ದು ಒಂದು ಹಳೆಯ ಹಿಂದೀ ಬೋಲಪಟವನ್ನು ನೋಡಿದಾಗ. ಅದು 1951ರ ‘ಬಾಜಿ’. ಗುರುದತ್ತರ ಹೆಸರೆತ್ತಿದರೆ ನಮ್ಮ ವಿದ್ಯಾವಂತರು 1957ರ ‘ಪ್ಯಾಸಾ’ವನ್ನೂ 1959ರ ‘ಕಾಗಜ್ ಕೆ ಫೂಲ್’ಅನ್ನೂ ನೆನೆಯುತ್ತಾರೆ. ಅವರ ಈ ಚೊಚ್ಚಲ ಕೃತಿಯನ್ನು ‘ಹಾಡುಗಳ ಚಿತ್ರ’ವೆಂದು ಬದಿಗಿರಿಸುವುದೇ ವಾಡಿಕೆ. ಇದು ನ್ಯಾಯವಲ್ಲ.

ಗುರುದತ್ತರು ಹುಟ್ಟಿದ್ದು 1925ರಲ್ಲಿ, ಬೆಂಗಳೂರಿನಲ್ಲಿ. ಪುಣೆಯ ಪ್ರಭಾತ ಸಂಸ್ಥೆಯಲ್ಲಿ ಅವರಿಗೂ ದೇವಾನಂದರಿಗೂ ಗೆಳೆತನವಾಯಿತು. ತಾನು ನಿರ್ಮಾಪಕನಾದರೆ ನೀನೇ ನಿರ್ದೇಶಕನೆಂದು ದೇವಾನಂದರು, ತಾನು ನಿರ್ದೇಶಕನಾದರೆ ನೀನೇ ನಾಯಕನೆಂದು ಗುರುದತ್ತರು, ಪರಸ್ಪರ ಮಾತು ಕೊಟ್ಟುಕೊಂಡಿದ್ದರು. 1949ರಲ್ಲಿ ‘ನವಕೇತನ’ ಸಂಸ್ಥೆ ಸ್ಥಾಪನೆಯಾದ ಮೇಲೆ ಆ ಮಾತು ನಡೆಯಿತು. ಕಥೆಯನ್ನು ಬರೆದುಕೊಟ್ಟವರು ನಟ ಬಲರಾಜ ಸಾಹನಿ.

ನಾಯಕ ಮದನ ಬಡವ, ಕೈಚಳಕದ ಜೂಜುಗಾರ. ತಂಗಿಗೆ ಕ್ಷಯರೋಗ. ಶ್ರೀಮಂತರನ್ನು ಸೆಳೆದು ಸುಲಿಯುವ ಒಂದು ಕ್ಲಬ್ಬು ಅವನನ್ನು ಕೆಲಸಕ್ಕೆ ಕರೆಯುತ್ತದೆ. ಮೊದಲು ಒಲ್ಲೆನೆನ್ನುತ್ತಾನೆ, ಚಿಕಿತ್ಸೆಗೆ ಹಣ ಬೇಕಾದಾಗ ಒಪ್ಪುತ್ತಾನೆ. ಕ್ಲಬ್ಬಿನ ಯಜಮಾನ ಕತ್ತಲಲ್ಲಿ ಕುಳಿತು ಅಪ್ಪಣೆ ಕೊಡುತ್ತಾನೆ. ಅವನ ಮುಖ ನಮಗೆ ಕಾಣುವುದಿಲ್ಲ. ಅವನಾರೆಂದು ಹೇಳಿ ವಾಚಕರ ಕುತೂಹಲವನ್ನು ಕೆಡಿಸಲಾರೆ. ಹಗಲಿನಲ್ಲಿ ಜನರಿಂದ ನಮಸ್ಕಾರ ಪಡೆಯುವ ಮನುಷ್ಯ ಅವನು ಎಂದರೆ ಸಾಕು.

ಗದುಗಿನ ಸೀಮೆಯ ಕನ್ನಡ ಅಧ್ಯಾಪಕನಿಗೆ ಇಲ್ಲಿ ಕುಮಾರವ್ಯಾಸನ ಸಭಾಪರ್ವ ನೆನಪಾಗದೆ ಇರದು. ಅಲ್ಲಿ ಪಣವಿಡುವವನು ದುರ್ಯೋಧನ, ದಾಳ ಹಾಕುವವನು ಶಕುನಿ, ಕಳೆದುಕೊಳ್ಳುವವನು ಧರ್ಮರಾಯ. ನಾವು ಧರ್ಮರಾಯನ ವ್ಯಸನವನ್ನು ದೂರುತ್ತೇವೆ, ಶಕುನಿಯ ಕಪಟವನ್ನು ಹಳಿಯುತ್ತೇವೆ. ಗೆದ್ದ ರಾಜ್ಯ ಯಾರ ಮನೆ ಸೇರಿತೆಂಬುದನ್ನು ಮರೆಯುತ್ತೇವೆ. ‘ಬಾಜಿ’ಯ ಮದನನಾದರೋ ಏಕಕಾಲಕ್ಕೆ ಶಕುನಿಯೂ ಹೌದು, ಧರ್ಮರಾಯನೂ ಹೌದು. ಅನ್ಯರಿಗಾಗಿ ಎಲೆ ಹಾಕಿ ಗೆಲ್ಲುತ್ತಾನೆ. ತನ್ನ ಬಾಳನ್ನು ಸೋಲುತ್ತಾನೆ. ಕೊನೆಗೆ ಕೊಲೆಯ ಆರೋಪವೂ ಅವನ ತಲೆಗೇ ಬರುತ್ತದೆ.

ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. 1946ರ ಹಾಲಿವುಡ್ ಚಿತ್ರ ‘ಗಿಲ್ಡಾ’ದ ನೆರಳು ಅದರ ಮೇಲಿದೆ; ಮುಕ್ತಾಯದಲ್ಲಿ ಅವಸರವಿದೆ. ಆದರೆ ನೆರಳು ಬೆಳಕಿನ ಹೆಣಿಗೆ ಇಂದಿಗೂ ಮಾಸಿಲ್ಲ. ಛಾಯಾಗ್ರಾಹಕ ವಿ. ರಾತ್ರಾ ಅವರಿಗೆ ಸಹಾಯಕರಾಗಿದ್ದವರು ಮೈಸೂರಿನ ವಿ. ಕೆ. ಮೂರ್ತಿ. ಕನ್ನಡಿಯ ಪ್ರತಿಬಿಂಬವನ್ನು ಬಳಸುವ ಕಠಿಣವಾದ ಒಂದು ದೃಶ್ಯವನ್ನು ಅವರು ಸೂಚಿಸಿ, ತಾವೇ ಚಿತ್ರಿಸಿದರು. ಮೆಚ್ಚಿದ ಗುರುದತ್ತರು 1952ರ ‘ಜಾಲ್’ ಚಿತ್ರದಿಂದ ಅವರನ್ನೇ ತಮ್ಮ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. 2008ನೆಯ ಸಾಲಿನ ದಾದಾಸಾಹೇಬ ಫಾಳ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಆ ದೊಡ್ಡ ಪಯಣದ ಮೊದಲ ಹೆಜ್ಜೆ ಈ ಜೂಜಿನ ಕಥೆಯಲ್ಲಿದೆ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

1951ರಲ್ಲಿ ನಮ್ಮ ಗಜೇಂದ್ರಗಡದ ಸೀಮೆಯೂ ಮುಂಬಯಿ ರಾಜ್ಯದೊಳಗಿತ್ತು. ಜೂಜನ್ನು ತಡೆಯಲು ಅಲ್ಲಿ 1887ರಷ್ಟು ಹಿಂದೆಯೇ ಕಾಯಿದೆಯಾಗಿತ್ತು. ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕೇಂದ್ರದಲ್ಲಿ ಕಾಯಿದೆಯಾದದ್ದು 2025ರಲ್ಲಿ. ಅಷ್ಟರೊಳಗೆ ನನ್ನ ತರಗತಿಯ ಹುಡುಗನೊಬ್ಬ ಪರೀಕ್ಷೆಯ ಶುಲ್ಕವನ್ನು ಮೊಬೈಲಿನಲ್ಲಿ ಸೋತು, ತಂದೆಗೆ ಮುಖ ತೋರಿಸಲಾರದೆ ನನ್ನ ಮನೆಯ ಕಟ್ಟೆಯ ಮೇಲೆ ಬಂದು ಕುಳಿತಿದ್ದ. ಅವನು ಯಾರಿಗೆ ಸೋತನೆಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ನನ್ನ ಮಾವನಾದರೂ ಎದುರಿಗೆ ಕುಳಿತವನ ಮುಖ ನೋಡಿ ಸೋತಿದ್ದ.

ಅವನಿಗೆ ಉಪದೇಶ ಮಾಡಲಿಲ್ಲ. ಆ ಸಂಜೆ ಜೊತೆಯಲ್ಲಿ ಕುಳಿತು ‘ಬಾಜಿ’ಯನ್ನು ನೋಡಿದೆವು. ಮನೆಯಲ್ಲಿ ಬೆಳೆದ ಮಕ್ಕಳಿರುವ ವಾಚಕರು ಒಂದು ಭಾನುವಾರವನ್ನು ಈ ಚಿತ್ರಕ್ಕಾಗಿ ತೆಗೆದಿಡಬೇಕೆಂದು ನನ್ನ ಬಿನ್ನಹ.