ಒಳಗೋಡೆಯ ಲೇಪ: ಗಾರೆ ಗಾಣದಿಂದ ಜಿಪ್ಸಮ್ ಬೇಸ್ ಕೋಟ್‌ವರೆಗೆ

ರಾಯಲ್ಪಾಡಿನಲ್ಲಿ ಮನೆ ಕಟ್ಟಿಸುವವರು ಸಿಮೆಂಟಿನ ದರ ಕೇಳುವ ಮೊದಲು ನೀರಿನ ಲೆಕ್ಕ ಹಾಕಬೇಕಾಗುತ್ತದೆ. ಶ್ರೀನಿವಾಸಪುರ ತಾಲ್ಲೂಕಿನ ಈ ಹೋಬಳಿ ಆಂಧ್ರದ ಗಡಿಗೆ ಅಂಟಿಕೊಂಡಿದೆ. ಸುತ್ತ ಮಾವಿನ ತೋಪು, ಬಂಡೆಗುಡ್ಡ, ಮಳೆ ಕೈಹಿಡಿದ ವರ್ಷ ಮಾತ್ರ ತುಂಬುವ ಕೆರೆಗಳು. ವರ್ಷಪೂರ್ತಿ ಹರಿಯುವ ಒಂದು ನದಿಯೂ ಕೋಲಾರ ಜಿಲ್ಲೆಗಿಲ್ಲ. ಸಾವಿರ ಅಡಿ ಕೊರೆಸಿದರೂ ಕೊಳವೆಬಾವಿಯಲ್ಲಿ ನೀರು ಸಿಕ್ಕೀತೆಂಬ ಭರವಸೆಯಿಲ್ಲ. ಇಂಥ ಕಡೆ ಬ್ಲಾಕ್ ಗೋಡೆ ಎಬ್ಬಿಸಿ, ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಆಮೇಲೆ ಕನಿಷ್ಠ ಏಳು ದಿನ ಬೆಳಿಗ್ಗೆ ಸಂಜೆ ಪೈಪ್ ಹಿಡಿದು ನೀರು ಹೊಡೆಯುವುದೆಂದರೆ ಅದು ಟ್ಯಾಂಕರ್ ತರಿಸುವ ಮಾತು. ಟ್ಯಾಂಕರಿನ ಖರ್ಚಿಗೆ ಹೆದರಿ ಮೂರನೆಯ ದಿನಕ್ಕೇ ನೀರು ನಿಲ್ಲಿಸಿದ ಗೋಡೆಗಳು ಈ ಭಾಗದಲ್ಲಿ ಬೇಕಾದಷ್ಟಿವೆ. ಮುಟ್ಟಿದರೆ ಮರಳು ಉದುರುತ್ತದೆ, ಬಣ್ಣದ ಕೆಳಗಿನಿಂದ ಕೂದಲೆಳೆಯ ಬಿರುಕುಗಳು ಮೇಲೇಳುತ್ತವೆ.

ಜಿಪ್ಸಮ್ ಪ್ಲಾಸ್ಟರ್‌ಗೆ ಹೀಗೆ ನೀರು ಹೊಡೆಯಬೇಕಾಗಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಅದು ಬೇರೂರಿದ್ದು ಕೆಲಸ ಬೇಗ ಮುಗಿಯುತ್ತದೆ, ಗೋಡೆ ನುಣುಪಾಗುತ್ತದೆ ಎಂಬ ಕಾರಣಕ್ಕೆ. ಕೋಲಾರದ ಒಣನೆಲಕ್ಕೆ ಅದನ್ನು ಒಪ್ಪಿಸುವ ಕಾರಣ ಬೇರೆ, ಅದು ನೀರು. ಈ ಸೀಮೆಯ ಗೋಡೆಗಳ ಚರಿತ್ರೆಯಲ್ಲಿ ಲೇಪ ಬದಲಾದಾಗಲೆಲ್ಲ ಅದರ ಹಿಂದೆ ನೀರು, ಮರಳು, ಕೂಲಿ ಈ ಮೂರರಲ್ಲಿ ಒಂದು ಇದ್ದೇ ಇದೆ.

ಹಳೆಯ ಮನೆಗಳಿಂದಲೇ ಶುರುಮಾಡೋಣ. ಮಣ್ಣಿನ ಗೋಡೆಗೆ ಕೆರೆಯ ಜೇಡಿಯನ್ನು ಹೊಟ್ಟಿನೊಂದಿಗೆ ತುಳಿದು ಮೆತ್ತುತ್ತಿದ್ದರು, ಮೇಲೆ ಸಗಣಿ ಸಾರಿಸಿ ಸುಣ್ಣ ಬಳಿಯುತ್ತಿದ್ದರು. ಹಬ್ಬಕ್ಕೊಮ್ಮೆ ಮನೆಯ ಹೆಂಗಸರೇ ಮಾಡುತ್ತಿದ್ದ ದುರಸ್ತಿ ಅದು. ಕಲ್ಲು ಯಥೇಚ್ಛವಾಗಿ ಸಿಗುವ ಈ ಜಿಲ್ಲೆಯಲ್ಲಿ ಚಪ್ಪಡಿ ನಿಲ್ಲಿಸಿ, ಚಪ್ಪಡಿಯನ್ನೇ ಸೂರಿಗೆ ಹಾಸಿ ಕಟ್ಟಿದ ಮನೆಗಳೂ ಉಂಟು. ಅವುಗಳ ಒಳಮೈಗೆ ಸುಣ್ಣದ ನೀರೇ ಸಾಕಾಗುತ್ತಿತ್ತು.

ದೇವಸ್ಥಾನ, ಛತ್ರ, ಉಳ್ಳವರ ತೊಟ್ಟಿಮನೆಗಳಿಗೆ ಗಾರೆ ಬೇಕಿತ್ತು. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟು, ನೀರಿಗೆ ಹಾಕಿ ಅರಳಿಸಿ, ದಿನಗಟ್ಟಲೆ ಕೊಳೆಹಾಕುತ್ತಿದ್ದರು. ಆಮೇಲೆ ಮರಳನ್ನೋ ಇಟ್ಟಿಗೆ ಪುಡಿಯ ಸುರ್ಕಿಯನ್ನೋ ಬೆರೆಸಿ ಗಾಣದಲ್ಲಿ ಅರೆಯುತ್ತಿದ್ದರು. ಗಾಣವೆಂದರೆ ನೆಲದಲ್ಲಿ ವೃತ್ತಾಕಾರದ ಕಾಲುವೆ, ಅದರೊಳಗೆ ಉರುಳುವ ಕಲ್ಲಿನ ಚಕ್ರ, ಚಕ್ರ ಎಳೆಯಲು ಎತ್ತು. ಅರೆದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರುತ್ತಿತ್ತು. ಕೊನೆಯ ತೆಳುಪದರವನ್ನು ನುಣ್ಣನೆಯ ಬೆಣಚುಕಲ್ಲಿನಿಂದ ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯಿಸುತ್ತಿದ್ದರು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದು ನಿಲ್ಲಿಸಿರುವುದೂ ಸುರ್ಕಿ ಗಾರೆಯೇ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವ ಮೂಲಕ. ಅದಕ್ಕೆ ತಿಂಗಳುಗಳು ಬೇಕು. ಗೋಡೆ ಉಸಿರಾಡುತ್ತದೆ, ಸಣ್ಣ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ, ತೇವ ಹೀರಿ ಹೊರಗೆ ಬಿಡುತ್ತದೆ. ಇಷ್ಟೆಲ್ಲ ಗುಣವಿದ್ದೂ ಗಾರೆ ಸೋತದ್ದು ಅಷ್ಟು ದಿನ ಕಾಯುವವರು ಇಲ್ಲವಾದ್ದರಿಂದ. ಗಾಣ ಹೋಯಿತು, ಆದರೆ ಪ್ಲಾಸ್ಟರ್ ಮಾಡುವವರನ್ನು ಹಳೇ ಮೈಸೂರು ಸೀಮೆ ಇವತ್ತಿಗೂ ಗಾರೆಯವರೆಂದೇ ಕರೆಯುತ್ತದೆ.

ಮೈಸೂರು ಸಂಸ್ಥಾನದ ಭದ್ರಾವತಿ ಕಾರ್ಖಾನೆಯಲ್ಲಿ 1930ರ ದಶಕದಲ್ಲೇ ಸಿಮೆಂಟ್ ತಯಾರಿಕೆ ಶುರುವಾಗಿತ್ತು. ಆದರೂ ಹಳ್ಳಿಗಳಿಗೆ ಅದು ದಂಡಿಯಾಗಿ ಬಂದದ್ದು ಬಹಳ ತಡವಾಗಿ. ಪರ್ಮಿಟ್ ಹಿಡಿದು ಮೂಟೆ ತರಬೇಕಿದ್ದ ಕಾಲ 1982ರಲ್ಲಿ ನಿಯಂತ್ರಣ ಸಡಿಲವಾಗುವವರೆಗೂ ನಡೆಯಿತು. 1989ರಲ್ಲಿ ನಿಯಂತ್ರಣ ಪೂರ್ತಿ ಹೋಯಿತು. ಅಲ್ಲಿಂದ ಮುಂದೆ ಗೋಡೆಯೂ ಬದಲಾಯಿತು. ಮಾಲೂರಿನ ಗೂಡುಗಳ ಸುಟ್ಟ ಇಟ್ಟಿಗೆಯ ಜಾಗಕ್ಕೆ ಜಲ್ಲಿಪುಡಿ ಮತ್ತು ಸಿಮೆಂಟಿನ ಸಾಲಿಡ್ ಬ್ಲಾಕ್ ಬಂತು. ನಾಲ್ಕಿಂಚು, ಆರಿಂಚು, ಎಂಟಿಂಚು ಎಂದು ಕೇಳಿ ಕೊಳ್ಳುವುದು ರೂಢಿಯಾಯಿತು. ನಗರದಲ್ಲಿ ಗಾಳಿಗುಳ್ಳೆ ತುಂಬಿದ ಕಾಂಕ್ರೀಟಿನ ಹಗುರವಾದ ಎಎಸಿ ಬ್ಲಾಕ್ ಬಂತು. 2009ರಲ್ಲಿ ಕುಣಿಗಲ್‌ನಲ್ಲಿ ವೀನರ್‌ಬರ್ಗರ್ ಕಂಪನಿ ಟೊಳ್ಳು ಮಣ್ಣಿನ ಬ್ಲಾಕ್ ಮಾಡತೊಡಗಿತು. ಇದಕ್ಕೂ ಮೊದಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ, ಕೆ.ಎಸ್. ಜಗದೀಶ್ ಮೊದಲಾದವರ ದುಡಿಮೆಯಿಂದ, ಪ್ಲಾಸ್ಟರನ್ನೇ ಬೇಡದ ಒತ್ತಿದ ಮಣ್ಣಿನ ಬ್ಲಾಕುಗಳನ್ನು ಬಳಕೆಗೆ ತಂದಿತ್ತು. ಆ ದಾರಿಯಲ್ಲಿ ಇನ್ನೂ ಹೆಚ್ಚು ಮನೆಗಳು ನಡೆಯಬೇಕಿತ್ತೆಂಬುದು ನನ್ನ ಗಟ್ಟಿ ನಂಬಿಕೆ. ಆದರೆ ಊರಿನ ಕಣ್ಣಿಗೆ ಪ್ಲಾಸ್ಟರ್ ಕಾಣದ ಗೋಡೆ ಅರ್ಧಕ್ಕೆ ನಿಂತ ಮನೆಯ ಗುರುತಾಗಿತ್ತು.

ಸಿಮೆಂಟ್ ಪ್ಲಾಸ್ಟರಿಗೆ ಮರಳು ಬೇಕು. ಕೋಲಾರದ ಕಥೆ ನೋವಿನದಾಗುವುದು ಇಲ್ಲಿಂದ. ಪಾಲಾರ್, ಪಾಪಾಗ್ನಿ, ಪಿನಾಕಿನಿ ಹಳ್ಳಗಳ ಮರಳು ಬೆಂಗಳೂರಿನ ಹಸಿವಿಗೆ ಬಲಿಯಾಯಿತು. ಹಳ್ಳ ಬರಿದಾದ ಮೇಲೆ ‘ಫಿಲ್ಟರ್ ಮರಳು’ ಬಂತು. ಕೆರೆಯಂಗಳದ, ಹೊಲದ ಮೇಲ್ಮಣ್ಣನ್ನು ತೋಡಿ, ನೀರಿನಲ್ಲಿ ತೊಳೆದು, ಉಳಿದ ಕಣವನ್ನು ಮರಳೆಂದು ಲಾರಿಗೆ ತುಂಬುವ ದಂಧೆ ಅದು. ಕುಡಿಯುವ ನೀರಿಗೆ ತತ್ವಾರವಿದ್ದ ಊರುಗಳಲ್ಲಿ ಬಾವಿಯ ನೀರೆತ್ತಿ ಮಣ್ಣು ತೊಳೆದರು. ಹಾಗೆ ತೆಗೆದ ಮರಳಿನಲ್ಲಿ ಜೇಡಿ ಉಳಿದೇ ಇರುತ್ತದೆ. ಅದು ಒಣಗುವಾಗ ಕುಗ್ಗಿ ಪ್ಲಾಸ್ಟರನ್ನು ಸೀಳುತ್ತದೆ. ಸರ್ಕಾರ ಫಿಲ್ಟರ್ ಮರಳನ್ನು ನಿಷೇಧಿಸಿತು. 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಣ್ಣ ಪ್ರಮಾಣದ ಮರಳುಗಾರಿಕೆಗೂ ಪರಿಸರ ಅನುಮತಿ ಕಡ್ಡಾಯ ಎಂದಿತು. ಕಲ್ಲು ಪುಡಿಮಾಡಿದ ಎಂ ಸ್ಯಾಂಡ್, ಪ್ಲಾಸ್ಟರಿಗೆಂದೇ ಸೋಸಿದ ಪಿ ಸ್ಯಾಂಡ್ ಆ ಜಾಗವನ್ನು ತುಂಬಿದವು. ಮರಳಿನ ಬವಣೆ ಅಷ್ಟಿಷ್ಟು ತಗ್ಗಿತು, ನೀರಿನದು ತಗ್ಗಲಿಲ್ಲ. ಎಷ್ಟರಮಟ್ಟಿಗೆಂದರೆ, 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲೇ ಕುಡಿಯುವ ನೀರನ್ನು ಕಟ್ಟಡಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಬೇಕಾಯಿತು.

ಜಿಪ್ಸಮ್ ಮಾರುಕಟ್ಟೆಯಲ್ಲಿ ಜಾಗ ಹಿಡಿದದ್ದು ಈ ಎಳೆದಾಟದ ನಡುವೆ. ಗೋಡೆಗೆ ಅದು ಹೊಸದೇನಲ್ಲ. ಮೊಹೆಂಜೊದಾರೊದ ಮಹಾಸ್ನಾನಗೃಹದ ಇಟ್ಟಿಗೆಗಳನ್ನು ಬೆಸೆದ ಗಾರೆಯಲ್ಲಿ ಜಿಪ್ಸಮ್ ಇದೆ, ಈಜಿಪ್ಟಿನ ಪಿರಮಿಡ್ಡುಗಳಲ್ಲೂ ಇದೆ. 1666ರಲ್ಲಿ ಲಂಡನ್ ಸುಟ್ಟುಹೋದ ಮರುವರ್ಷ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ, ಪ್ಯಾರಿಸ್ಸಿನ ಮರದ ಮನೆಗಳಿಗೆಲ್ಲ ಪ್ಲಾಸ್ಟರ್ ಬಳಿಯಬೇಕೆಂದು ಆಜ್ಞೆ ಮಾಡಿದ. ಮಾಂಟ್‌ಮಾರ್ತ್ರ ಗುಡ್ಡದ ಗಣಿಗಳಿಂದ ಹೊರಟ ಆ ಪುಡಿಯೇ ನಮ್ಮ ‘ಪಿಒಪಿ’ಗೆ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ, ಹೆಸರು ಕೊಟ್ಟಿತು. ಗಟ್ಟಿಯಾದ ಜಿಪ್ಸಮ್‌ನ ತೂಕದಲ್ಲಿ ಐದನೆಯ ಒಂದು ಭಾಗ ಹರಳಿನೊಳಗೆ ಸೆರೆಯಾದ ನೀರು. ಬೆಂಕಿ ತಾಗಿದರೆ ಆ ನೀರು ಆವಿಯಾಗಿ ಮುಗಿಯುವವರೆಗೆ ಗೋಡೆಯ ಹಿಂಬದಿ ಹೆಚ್ಚು ಕಾಯುವುದಿಲ್ಲ. ಲೂಯಿಯ ಆಜ್ಞೆಯ ಹಿಂದಿನ ವಿಜ್ಞಾನ ಇದು. ಯುವಕ ಲವೋಸಿಯೇ ವಿಜ್ಞಾನ ಅಕಾಡೆಮಿಯ ಮುಂದೆ 1765ರಲ್ಲಿ ಓದಿದ ಮೊದಲ ಪ್ರಬಂಧ ಜಿಪ್ಸಮ್ ಕುರಿತದ್ದೇ.

ತಯಾರಿಕೆ ಸರಳ. ಜಿಪ್ಸಮ್ ಕಲ್ಲನ್ನು ಸುಮಾರು 150 ಡಿಗ್ರಿಗೆ ಕಾಯಿಸಿದರೆ ಒಳಗಿನ ನೀರಿನ ಮುಕ್ಕಾಲು ಭಾಗ ಹೊರಬೀಳುತ್ತದೆ. ಆ ಪುಡಿಗೆ ಮತ್ತೆ ನೀರು ಕೊಟ್ಟರೆ ಕಳೆದುಕೊಂಡದ್ದನ್ನು ಹಿಂಪಡೆದು, ಸೂಜಿಯಂಥ ಹರಳುಗಳಾಗಿ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಸಿಮೆಂಟಿಗೆ ಗಟ್ಟಿಯಾಗಲು ದಿನಗಟ್ಟಲೆ ತೇವ ಬೇಕು. ಜಿಪ್ಸಮ್‌ಗೆ ಬೇಕಾದ ನೀರೆಲ್ಲ ಕಲಸುವಾಗಲೇ ಸೇರಿರುತ್ತದೆ, ಆಮೇಲೆ ಬೇಕಾಗಿರುವುದು ಒಣಗಲು ಗಾಳಿ ಮಾತ್ರ. ಗಟ್ಟಿಯಾಗುವಾಗ ಸಿಮೆಂಟ್ ಗಾರೆ ಕುಗ್ಗುತ್ತದೆ, ಜಿಪ್ಸಮ್ ಕೂದಲೆಳೆಯಷ್ಟು ಹಿಗ್ಗುತ್ತದೆ. ಕುಗ್ಗುವಿಕೆಯ ಬಿರುಕು ಜಿಪ್ಸಮ್ ಗೋಡೆಯಲ್ಲಿ ಕಾಣದಿರುವುದು ಇದರಿಂದ.

ಭಾರತದ ಜಿಪ್ಸಮ್ ನಿಕ್ಷೇಪದ ಸಿಂಹಪಾಲು ರಾಜಸ್ಥಾನದ್ದು: ಬಿಕಾನೇರ್, ನಾಗೌರ್, ಬಾರ್ಮೇರ್. ಸಾಲದ್ದು ಒಮಾನ್, ಇರಾನ್ ಕಡೆಯಿಂದ ಹಡಗಿನಲ್ಲಿ ಬರುತ್ತದೆ. ಕೋಲಾರದ ಗೋಡೆಗೆ ಬಳಿಯುವ ಪುಡಿ ಅಷ್ಟು ದೂರದಿಂದ ಬರಬೇಕೆಂಬುದು ಅದರ ದೊಡ್ಡ ಕೊರತೆ. ಆದರೂ ಲೆಕ್ಕ ನೋಡಿ. ಅರ್ಧ ಇಂಚು ದಪ್ಪಕ್ಕೆ 25 ಕಿಲೋ ಚೀಲ ಸುಮಾರು 20 ಚದರಡಿ ಗೋಡೆಗೆ ಆಗುತ್ತದೆ. ಒಂದು ಚೀಲಕ್ಕೆ 15ರಿಂದ 17 ಲೀಟರ್ ನೀರು. 2,000 ಚದರಡಿ ಒಳಗೋಡೆಗೆ ನೂರು ಚೀಲ, ಹೆಚ್ಚೆಂದರೆ 1,700 ಲೀಟರ್ ನೀರು. ಬಾಂಡ್ಲಿ, ಬಕೆಟ್ ತೊಳೆಯುವ ನೀರು ಬಿಟ್ಟರೆ ಅಷ್ಟಕ್ಕೆ ಮುಗಿಯಿತು. ಜೊತೆಗೆ ಲೇಪದ ತೂಕ ಸಿಮೆಂಟಿನದರ ಅರ್ಧದಷ್ಟು.

ಇನ್ನು ಬೇಸ್ ಕೋಟ್, ಅಂದರೆ ಕೆಳಪದರ. ಜಿಪ್ಸಮ್ ಪ್ಲಾಸ್ಟರಿನ ಭಾರತೀಯ ಮಾನಕವಾದ ಐಎಸ್ 2547ರ 1976ರ ಆವೃತ್ತಿಯನ್ನೇ ನೋಡಿ. ಕೆಳಪದರಕ್ಕೊಂದು ಬಗೆಯ ಜಿಪ್ಸಮ್, ಮೇಲಿನ ತೆಳುಪದರಕ್ಕೆ ಇನ್ನೊಂದು ಬಗೆ ಎಂದು ಅದು ಆಗಲೇ ಬೇರೆಮಾಡಿತ್ತು. ಅದರ ಎರಡನೆಯ ಭಾಗ ಹಗುರ ಕಣಗಳನ್ನು ಮೊದಲೇ ಬೆರೆಸಿದ ಪ್ಲಾಸ್ಟರಿಗೇ ಮೀಸಲು. ಯುರೋಪ್, ಅಮೆರಿಕಗಳಲ್ಲಿ ಪರ್ಲೈಟ್ ಅಥವಾ ವರ್ಮಿಕ್ಯುಲೈಟ್‌ನಂಥ ಹಗುರ ಕಣ ಬೆರೆತ ಬೇಸ್ ಕೋಟನ್ನು ಬ್ಲಾಕ್ ಗೋಡೆಗೆ ಒರಟಾಗಿ ಬಳಿದು, ಮೈ ಗೀರಿ, ಅದರ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ನುಣುಪು ಪದರ ಎಳೆಯುವುದು ಹಳೆಯ ಪದ್ಧತಿ. ನಮ್ಮ ಮಾರುಕಟ್ಟೆ ಈ ಮೆಟ್ಟಿಲನ್ನು ಹಾರಿ ನೇರ ಒಂದೇ ಪದರದ ಪ್ಲಾಸ್ಟರಿಗೆ ಬಂತು. ಕಾಂಕ್ರೀಟ್ ಅಚ್ಚಿನ ಗೋಡೆಗೆ, ಅಂಚು ಸಮವಾಗಿರುವ ಎಎಸಿ ಬ್ಲಾಕಿಗೆ ಒಂದೇ ಪದರ ಸಾಕು. ಹಳ್ಳಿಯ ಸಾಲಿಡ್ ಬ್ಲಾಕ್ ಹಾಗಲ್ಲ. ಮೂಲೆ ಮುಕ್ಕಾಗಿರುತ್ತದೆ, ದಪ್ಪದಲ್ಲಿ ಹೆಚ್ಚುಕಡಿಮೆ ಇರುತ್ತದೆ, ವರಸೆ ಒಂದು ಕಡೆ ಸರಿಯಿದ್ದರೆ ಇನ್ನೊಂದು ಕಡೆ ಅಲೆಯಾಡುತ್ತದೆ. ಅಂಥ ಗೋಡೆಯ ಹಳ್ಳ ತುಂಬಲು ನುಣುಪಿಗೆಂದು ಮಾಡಿದ ದುಬಾರಿ ಪುಡಿಯನ್ನು ಒಂದಿಂಚು ಪೇರಿಸುವುದು ದುಂದು, ಮೇಲಾಗಿ ಅದು ಜೋತುಬೀಳುತ್ತದೆ. ನನ್ನ ಮಟ್ಟಿಗೆ ರಾಯಲ್ಪಾಡಿನಂಥ ಊರಿಗೆ ಸಲ್ಲುವುದು ಎರಡು ಪದರದ ಕ್ರಮವೇ: ಒರಟು ಬೇಸ್ ಕೋಟಿನಲ್ಲಿ ಗೋಡೆಯನ್ನು ಮಟ್ಟಕ್ಕೆ ತರುವುದು, ಮೇಲೆ ತೆಳುವಾಗಿ ಮುಗಿಸುವುದು.

ಕೆಲಸದ ಕ್ರಮ ಗಾರೆಯವರಿಗೆ ಅರ್ಧ ಗೊತ್ತಿದ್ದದ್ದೇ. ತೂಕದ ಗುಂಡು ಬಿಟ್ಟು, ಅಲ್ಲಲ್ಲಿ ದಪ್ಪದ ಗುರುತಾಗಿ ಬುಲ್ ಮಾರ್ಕ್ ಇಟ್ಟು, ಮಟ್ಟದ ಪಟ್ಟಿ ಎಳೆಯುವುದು ಎರಡಕ್ಕೂ ಒಂದೇ. ಬ್ಲಾಕ್ ಮತ್ತು ಕಾಂಕ್ರೀಟ್ ಕಂಬ ಸೇರುವ ಕಡೆ ಜಾಲರಿ ಬೇಕು. ನುಣ್ಣನೆಯ ಕಂಬಕ್ಕೆ ಅಂಟಿನ ಲೇಪ ಕೊಡದಿದ್ದರೆ ಪ್ಲಾಸ್ಟರ್ ಹಪ್ಪಳವಾಗಿ ಕಳಚುತ್ತದೆ. ಬದಲಾಗುವುದು ಕೈಯ ವೇಗ. ಪುಡಿಯನ್ನು ನೀರಿಗೆ ಸುರಿಯಬೇಕು, ಪುಡಿಗೆ ನೀರನ್ನಲ್ಲ. ಕಲಸಿದ್ದು ಅರ್ಧ ಗಂಟೆಯೊಳಗೆ ಗೋಡೆಯ ಮೇಲಿರಬೇಕು. ಬಿಗಿಯತೊಡಗಿದ ಮೇಲೆ ನೀರು ಚಿಮುಕಿಸಿ ಮತ್ತೆ ಕಲಸಿದರೆ ಹರಳುಗಳ ಹೆಣಿಗೆ ಮುರಿದು ಗೋಡೆ ಪುಡಿಯಾಗುತ್ತದೆ. ಸಿಮೆಂಟ್ ಕೆಲಸಕ್ಕೆ ಒಗ್ಗಿದ ಕೈಗೆ ಈ ಅಭ್ಯಾಸ ಬಿಡುವುದೇ ಕಷ್ಟ. ಬಕೆಟ್ಟಿನ ಅಂಚಿನಲ್ಲಿ ಹಿಂದಿನ ಸಲದ ಗಟ್ಟಿ ಚೂರುಗಳಿದ್ದರೆ ಹೊಸದಾಗಿ ಕಲಸಿದ್ದರಲ್ಲಿ ಅವೇ ಹರಳಿನ ಬೀಜಗಳಾಗಿ, ಐದು ಹತ್ತು ನಿಮಿಷಕ್ಕೇ ಬಿಗಿಸಿಬಿಡುತ್ತವೆ. ನೀರಿನಲ್ಲಿ ಕರಗಿದ ಕೆಲವು ಲವಣಗಳೂ ಇದೇ ಕೆಲಸ ಮಾಡುತ್ತವೆ. ಆದ್ದರಿಂದ ಗಡಸು ನೀರಿನ ಕೊಳವೆಬಾವಿಗಳಿರುವ ಕೋಲಾರದಲ್ಲಿ ಮೊದಲು ಒಂದು ಬೊಗಸೆ ಕಲಸಿ, ಬಿಗಿಯುವ ಹೊತ್ತು ನೋಡಿಕೊಂಡು ಮುಂದುವರಿಯುವುದು ಕ್ಷೇಮ.

ನೀರನ್ನು ಉಳಿಸುವ ಈ ಲೇಪಕ್ಕೆ ನೀರೇ ಶತ್ರು. ಒಂದು ಲೀಟರ್ ನೀರಿಗೆ ಸುಮಾರು ಎರಡು ಗ್ರಾಂ ಜಿಪ್ಸಮ್ ಕರಗುತ್ತದೆ. ಇದರ ಅರ್ಥ, ಹೊರಗೋಡೆಗೆ ಇದು ಸಲ್ಲದು, ಬಚ್ಚಲಿಗೆ ಸಲ್ಲದು, ಅಡುಗೆಮನೆಯ ಸಿಂಕಿನ ಹಿಂದೆ ಸಲ್ಲದು. ಅಲ್ಲೆಲ್ಲ ಸಿಮೆಂಟೇ ಇರಲಿ. ನೆಲದಿಂದ ತೇವ ಏರುವ ಗೋಡೆಯಲ್ಲಿ ಕೆಳಗಿನ ನಾಲ್ಕಾರು ಇಂಚನ್ನು ಸಿಮೆಂಟಿನಲ್ಲಿ ಮಾಡಿ, ಮೇಲಿನಿಂದ ಜಿಪ್ಸಮ್ ಶುರುಮಾಡಬೇಕು. ಹಸಿ ಬ್ಲಾಕಿನ ಮೇಲೂ ಬಳಿಯಬಾರದು. ತೇವವಿರುವ ಸಿಮೆಂಟಿನೊಡನೆ ಜಿಪ್ಸಮ್ ಸೇರಿದರೆ ಹಿಗ್ಗುವ ಹರಳುಗಳು ಹುಟ್ಟಿ ಪದರವನ್ನು ಗೋಡೆಯಿಂದ ತಳ್ಳುತ್ತವೆ. ಜಿಪ್ಸಮ್‌ಗೆ ಸಿಮೆಂಟಿನ ಕ್ಷಾರಗುಣವಿಲ್ಲವಾದ್ದರಿಂದ ಒಳಗಿನ ಸಾದಾ ಕಬ್ಬಿಣ ತುಕ್ಕು ಹಿಡಿಯುತ್ತದೆ. ಜಾಲರಿ, ಮೂಲೆಪಟ್ಟಿ, ಮೊಳೆ ಎಲ್ಲಕ್ಕೂ ಸತುವಿನ ಲೇಪ ಇರಲೇಬೇಕು. ವೈರಿಂಗ್ ಮತ್ತು ನೀರಿನ ಪೈಪಿನ ಕೆಲಸ ಪೂರ್ತಿ ಮುಗಿದು, ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಚೀಲ ಬಿಚ್ಚುವುದು ಸರಿ.

ರಾಯಲ್ಪಾಡು, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಗಾರೆಯವರ ಕೈಯಲ್ಲಿ ಕೌಶಲಕ್ಕೆ ಕೊರತೆಯಿಲ್ಲ. ಕನ್ನಡ ತೆಲುಗು ಎರಡೂ ಬಲ್ಲ ಈ ಮೇಸ್ತ್ರಿಗಳು ಬೆಂಗಳೂರಿನ ಎಷ್ಟೋ ಕಟ್ಟಡಗಳಲ್ಲಿ ದುಡಿದವರು. ಆದರೆ ಅಲ್ಲಿ ಜಿಪ್ಸಮ್ ಕೆಲಸ ಬಹುಪಾಲು ಉತ್ತರ ಭಾರತದಿಂದ ಬಂದ ತಂಡಗಳ ಪಾಲಾಗಿದೆ. ಆ ತಂಡಗಳು ಊರಿನ ಒಂದು ಸಣ್ಣ ಮನೆಗಾಗಿ ಇಲ್ಲಿವರೆಗೆ ಬರುವುದಿಲ್ಲ. ಆದ್ದರಿಂದ ಐಟಿಐಗಳು ಮತ್ತು ನಿರ್ಮಿತಿ ಕೇಂದ್ರ ಸ್ಥಳೀಯ ಗಾರೆಯವರಿಗೇ ಕೆಲವು ದಿನಗಳ ತರಬೇತಿ ಕೊಡಬೇಕು. ತರಬೇತಿ ನಡೆಯಬೇಕಾದ್ದು ಕಾಂಕ್ರೀಟ್ ಅಚ್ಚಿನ ಗೋಡೆಯ ಮೇಲಲ್ಲ, ಇಲ್ಲಿಯದೇ ಮುಕ್ಕಾದ ಸಾಲಿಡ್ ಬ್ಲಾಕಿನ ಗೋಡೆಯ ಮೇಲೆ, ಇಲ್ಲಿಯದೇ ಗಡಸು ನೀರಿನಲ್ಲಿ. ಅಂಗಡಿಯವರಿಗೂ ತಿಳಿಸಬೇಕಾದ್ದೊಂದಿದೆ: ಚೀಲ ತೇವ ಹೀರಿದರೆ ಕೆಲವೇ ತಿಂಗಳಲ್ಲಿ ಪುಡಿ ಕೆಡುತ್ತದೆ. ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಜೋಡಿಸಿ, ತಯಾರಾದ ತಿಂಗಳು ನೋಡಿ ಹಳೆಯದನ್ನು ಮೊದಲು ಮಾರಬೇಕು. ಕೊಳ್ಳುವವರೂ ಚೀಲದ ಮೇಲಿನ ತಾರೀಕು ಓದಿ, ಐಎಸ್ 2547ರ ಗುರುತು ಇದೆಯೇ ಎಂದು ನೋಡಿ ಹಣ ಕೊಡಲಿ.