ಕಾಲುಬಾಯಿ ಜ್ವರಕ್ಕೆ ದೇಶ ಬದಲಿಸಿದ ಓಟ

ದನದ ಕಾಯಿಲೆಯಿಂದ ಸಂತೆ ನಿಂತದ್ದು, ಜಾತ್ರೆಗೆ ರಾಸು ತರಬೇಡಿ ಎಂದು ಡಂಗುರ ಸಾರಿದ್ದು ನಮಗೆಲ್ಲ ಗೊತ್ತು. ಆದರೆ ಇದೇ ಕಾಯಿಲೆಗೆ ಹೆದರಿ ಒಂದು ವಿಶ್ವ ಚಾಂಪಿಯನ್‌ಷಿಪ್ ದೇಶವನ್ನೇ ಬದಲಿಸಿದ ಕಥೆ ನಮ್ಮಲ್ಲಿ ಹೆಚ್ಚು ಜನ ಕೇಳಿಲ್ಲ.

2001ರ ಮಾರ್ಚ್‌ನಲ್ಲಿ ವಿಶ್ವ ಗುಡ್ಡಗಾಡು ಓಟ ನಡೆಯಬೇಕಿದ್ದದ್ದು ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನಲ್ಲಿ. ಕಾಲುಬಾಯಿ ಜ್ವರದ ದೆಸೆಯಿಂದ ಅದು ಬೆಲ್ಜಿಯಂನ ಓಸ್ಟೆಂಡ್ ಊರಿಗೆ ಹೋಯಿತು. ಅಲ್ಲಿನ ಕೆಸರಿನಲ್ಲಿ ಜೂನಿಯರ್ ಹುಡುಗರ ಓಟ ಗೆದ್ದವನು ಇಥಿಯೋಪಿಯಾದ 18 ವರ್ಷದ ಕೆನೆನಿಸಾ ಬೆಕೆಲೆ. ಮುಂದೆ ಈ ಆಟದಲ್ಲಿ ಅವನಷ್ಟು ಗೆದ್ದ ಗಂಡಸು ಇನ್ನೊಬ್ಬನಿಲ್ಲ.

ಹೊಲದಲ್ಲೇ ಹುಟ್ಟಿದ ಆಟ

ಗುಡ್ಡಗಾಡು ಓಟಕ್ಕೆ ಇಂಗ್ಲಿಷಿನಲ್ಲಿ ಕ್ರಾಸ್ ಕಂಟ್ರಿ ಎನ್ನುತ್ತಾರೆ. ಇದಕ್ಕೆ ಕೆಂಪು ಟ್ರ್ಯಾಕ್ ಬೇಡ, ಬಿಳಿ ಗೆರೆ ಬೇಡ. ಹುಲ್ಲು, ಏರು, ಇಳಿಜಾರು, ಕೆಸರು ಇದ್ದರೆ ಸಾಕು.

19ನೇ ಶತಮಾನದಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿ, ರಗ್ಬಿಯಂಥ ಶಾಲೆಗಳ ಹುಡುಗರು ಮೊಲ ಮತ್ತು ಬೇಟೆನಾಯಿಯ ಆಟ ಆಡುತ್ತಿದ್ದರು. 'ಮೊಲ'ಗಳಾದವರು ಕಾಗದದ ಚೂರು ಚೆಲ್ಲುತ್ತ ಮುಂದೆ ಓಡುವುದು, 'ನಾಯಿ'ಗಳಾದವರು ಆ ಜಾಡು ಹಿಡಿದು ಬೆನ್ನಟ್ಟುವುದು. ಓಡುತ್ತಿದ್ದದ್ದು ಬೇಲಿ, ಹಳ್ಳ, ರೈತರ ಹೊಲ ದಾಟಿಕೊಂಡು. ಆ ಆಟವೇ ಬೆಳೆದು ಸ್ಪರ್ಧೆಯಾಯಿತು.

1903ರಲ್ಲಿ ಸ್ಕಾಟ್ಲೆಂಡಿನ ಹ್ಯಾಮಿಲ್ಟನ್ ಪಾರ್ಕ್ ಕುದುರೆ ರೇಸಿನ ಮೈದಾನದಲ್ಲಿ ಮೊದಲ ಅಂತರರಾಷ್ಟ್ರೀಯ ಓಟ ನಡೆಯಿತು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಈ ನಾಲ್ಕೇ ತಂಡ. 1973ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಇದರ ಹೊಣೆ ಹೊತ್ತು ಬೆಲ್ಜಿಯಂನ ವಾರೆಗೆಮ್‌ನಲ್ಲಿ ವಿಶ್ವ ಮಟ್ಟದ ಓಟ ನಡೆಸಿತು. ಆ ವರ್ಷ ಜೂನಿಯರ್ ಹುಡುಗರ ಓಟ ಗೆದ್ದವನು ಸ್ಕಾಟ್ಲೆಂಡಿನ ಜಿಮ್ ಬ್ರೌನ್. ಮುಂದಿನ ನಾಲ್ಕು ವರ್ಷ, 1974ರಿಂದ 1977ರವರೆಗೆ, ಗೆದ್ದವರೆಲ್ಲ ಅಮೆರಿಕದ ಹುಡುಗರು. 1981ರಲ್ಲಿ ಇಥಿಯೋಪಿಯಾ ಮೊದಲ ಬಾರಿಗೆ ಬಂದಿತು. ಕೆನ್ಯಾವೂ ಬಂದಮೇಲೆ ಚಿತ್ರ ಬದಲಾಯಿತು. ಪೂರ್ವ ಆಫ್ರಿಕಾದ ಬೆಟ್ಟದ ಊರುಗಳ ಹುಡುಗರು ಮುಂದೆ, ಉಳಿದ ಲೋಕ ಹಿಂದೆ.

ಜೂನಿಯರ್ ಎಂದರೆ 20 ವರ್ಷದೊಳಗಿನವರು. ಈ ಓಟ ಸಸಿಮಡಿ ಇದ್ದ ಹಾಗೆ. 1992ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಎರಡನೆಯವನಾಗಿ ಬಂದ ಹುಡುಗ ಹೈಲೆ ಗೆಬ್ರೆಸೆಲಾಸಿ. 2003ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಗೆದ್ದವನು ಎಲಿಯುಡ್ ಕಿಪ್‌ಚೋಗೆ. ಮುಂದೆ ಇಬ್ಬರೂ ಎರಡೆರಡು ಒಲಿಂಪಿಕ್ ಚಿನ್ನ ಗೆದ್ದರು, ಮ್ಯಾರಥಾನ್ ವಿಶ್ವದಾಖಲೆ ಬರೆದರು.

2001ರ ಆ ಐದು ವಾರ

2001ರ ಫೆಬ್ರುವರಿ 20. ಇಂಗ್ಲೆಂಡಿನ ಎಸೆಕ್ಸ್‌ನ ಒಂದು ಕಸಾಯಿಖಾನೆಯ ಹಂದಿಗಳಲ್ಲಿ ಕಾಲುಬಾಯಿ ಜ್ವರ ಇದೆ ಎಂದು ಖಚಿತವಾಯಿತು. ಓಟಕ್ಕೆ ಉಳಿದದ್ದು ಐದು ವಾರಕ್ಕಿಂತ ಕಡಿಮೆ.

ಕಾಲುಬಾಯಿ ಜ್ವರ ಏನೆಂದು ನಮ್ಮ ಓದುಗರಿಗೆ ಹೇಳಬೇಕಿಲ್ಲ. ಬಾಯಲ್ಲಿ ಹುಣ್ಣು, ಸುರಿಯುವ ಜೊಲ್ಲು, ಗೊರಸಿನ ಸಂದಿಯಲ್ಲಿ ಗಾಯ. ದನ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಎಳೆಗರು ಸಾಯುತ್ತದೆ. ಇದರ ವೈರಾಣು ಹರಡುವುದು ದನದಿಂದ ದನಕ್ಕೆ ಮಾತ್ರ ಅಲ್ಲ. ಮನುಷ್ಯನ ಚಪ್ಪಲಿಯ ಮಣ್ಣು, ಗಾಡಿಯ ಚಕ್ರ, ಮೇವಿನ ಹೊರೆ ಎಲ್ಲವೂ ಅದನ್ನು ಹೊತ್ತೊಯ್ಯುತ್ತವೆ.

ಈಗ ಗುಡ್ಡಗಾಡು ಓಟವನ್ನು ನೆನೆಸಿಕೊಳ್ಳಿ. ಹತ್ತಾರು ದೇಶಗಳಿಂದ ಬಂದವರು ಮುಳ್ಳಿನ ಶೂ ಹಾಕಿಕೊಂಡು ಹಸಿ ಹುಲ್ಲು ತುಳಿಯುತ್ತಾರೆ. ನೋಡಲು ಬಂದವರು ಅದೇ ಕೆಸರು ಮೆಟ್ಟಿಕೊಂಡು ಊರಿಗೆ ಮರಳುತ್ತಾರೆ. ಪಕ್ಕದ ಬ್ರಿಟನ್‌ನಿಂದ ಡಬ್ಲಿನ್‌ಗೆ ಬರುವುದೂ ಹತ್ತಿರ. ರೋಗಕ್ಕೆ ಇದಕ್ಕಿಂತ ಒಳ್ಳೆಯ ಸವಾರಿ ಬೇಕೆ?

ಐರ್ಲೆಂಡ್ ದನ, ಕುರಿ, ಹಾಲಿನ ಮೇಲೆ ನಿಂತ ನಾಡು. ಅದು ಒಂದೊಂದೇ ಬಾಗಿಲು ಮುಚ್ಚತೊಡಗಿತು. ಹೊಲದ ಗೇಟುಗಳಲ್ಲಿ ಔಷಧಿ ನೀರಲ್ಲಿ ನೆನೆಸಿದ ಚಾಪೆ ಬಂದವು. ದೇಶದ ಅತಿ ದೊಡ್ಡ ಹಬ್ಬವಾದ ಸೇಂಟ್ ಪ್ಯಾಟ್ರಿಕ್ ದಿನದ ಡಬ್ಲಿನ್ ಮೆರವಣಿಗೆಯನ್ನು ಮಾರ್ಚ್‌ನಿಂದ ಮೇ ತಿಂಗಳಿಗೆ ಮುಂದೂಡಿದರು. ಐರ್ಲೆಂಡ್ ತಂಡದ ರಗ್ಬಿ ಪಂದ್ಯಗಳು ಮುಂದೆ ಹೋದವು. ಬ್ರಿಟನ್‌ನಲ್ಲಿ ಚೆಲ್ಟನ್‌ಹ್ಯಾಂ ಕುದುರೆ ರೇಸ್ ರದ್ದಾಯಿತು. ಡಬ್ಲಿನ್‌ನ ಗುಡ್ಡಗಾಡು ಓಟವೂ ಕೈಬಿಟ್ಟು ಹೋಯಿತು.

ಅದು ಅತಿ ಭಯವೇ? ತಾರೀಖು ನೋಡಿ. ಓಸ್ಟೆಂಡ್‌ನಲ್ಲಿ ಓಟ ನಡೆದದ್ದು ಮಾರ್ಚ್ 24 ಮತ್ತು 25ರಂದು. ಮಾರ್ಚ್ 22ರಂದು, ಅಂದರೆ ಎರಡೇ ದಿನ ಮೊದಲು, ಐರ್ಲೆಂಡ್ ಗಣರಾಜ್ಯದ ಲೌತ್ ಜಿಲ್ಲೆಯ ಕುರಿಗಳಲ್ಲಿ ಕಾಲುಬಾಯಿ ಜ್ವರ ಖಚಿತವಾಯಿತು. ಆ ಹೊತ್ತಿಗೆ ಡಬ್ಲಿನ್‌ನಲ್ಲಿ ಲೋಕದ ಓಟಗಾರರು, ಅವರನ್ನು ನೋಡುವ ಜನ ಸೇರಿದ್ದರೆ ಏನಾಗುತ್ತಿತ್ತೋ!

ಆ ದೇಶದಲ್ಲಿ ರೋಗ ಅದೊಂದೇ ಕಡೆ ಕಾಣಿಸಿಕೊಂಡು ನಿಂತಿತು. ಬ್ರಿಟನ್‌ನ ಕಥೆ ಬೇರೆ. ಅಲ್ಲಿ 2,026 ಕಡೆ ರೋಗ ಖಚಿತವಾಯಿತು, 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಹೊಲಗಳಲ್ಲಿ ದನಗಳ ರಾಶಿ ಉರಿಯಿತು. ಮೇ ತಿಂಗಳಲ್ಲಿ ಆಗಬೇಕಿದ್ದ ಸ್ಥಳೀಯ ಚುನಾವಣೆ ಜೂನ್‌ಗೆ ಹೋಯಿತು.

ಓಸ್ಟೆಂಡ್‌ನ ಕೆಸರು

ಓಸ್ಟೆಂಡ್ ಬೆಲ್ಜಿಯಂನ ಸಮುದ್ರ ದಂಡೆಯ ಊರು. ಬೆಲ್ಜಿಯಂನ ನೆರೆಯ ಫ್ರಾನ್ಸ್‌ಗೂ ನೆದರ್ಲೆಂಡ್ಸ್‌ಗೂ ಅದೇ ಮಾರ್ಚ್‌ನಲ್ಲಿ ರೋಗ ಕಾಲಿಟ್ಟಿತ್ತು. ನಡುವಿನ ಬೆಲ್ಜಿಯಂನಲ್ಲಿ ಇರಲಿಲ್ಲ. ಅಲ್ಲಿನ ವೆಲ್ಲಿಂಗ್ಟನ್ ಕುದುರೆ ರೇಸಿನ ಮೈದಾನದಲ್ಲಿ ಓಟ ನಡೆಯಿತು.

ನೆಲ ಪೂರ್ತಿ ಕೆಸರು. ನಮ್ಮ ಮಲೆನಾಡು, ಕರಾವಳಿಯಲ್ಲಿ ಕೆಸರುಗದ್ದೆ ಓಟ ಓಡಿದವರಿಗೆ ಇದರ ಕಷ್ಟ ಗೊತ್ತು. ಕೆಸರಲ್ಲಿ ಕಾಲು ಊರುವುದಕ್ಕಿಂತ ಕೀಳುವುದೇ ಕಷ್ಟ. ಕೆಸರುಗದ್ದೆ ಓಟ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಓಸ್ಟೆಂಡ್‌ನ ಜೂನಿಯರ್ ಹುಡುಗರು ಓಡಬೇಕಿದ್ದದ್ದು 7.7 ಕಿಲೋಮೀಟರ್.

ಬೆಕೆಲೆ ಆ ಓಟವನ್ನು 33 ಸೆಕೆಂಡ್ ಅಂತರದಲ್ಲಿ ಗೆದ್ದ. ಕಾಗದದ ಮೇಲೆ ಇದು ಸಣ್ಣ ಸಂಖ್ಯೆ. ಮೈದಾನದಲ್ಲಿ ಹಾಗಲ್ಲ. ಅವನು ಗೆರೆ ಮುಟ್ಟಿದಾಗ ಎರಡನೆಯವನು ಇನ್ನೂ ನೂರೈವತ್ತು ಮೀಟರಿಗಿಂತ ಹಿಂದಿದ್ದ. ಅದೇ ಎರಡು ದಿನಗಳಲ್ಲಿ ಬೆಕೆಲೆ ಹಿರಿಯರ 4.1 ಕಿಲೋಮೀಟರ್ ಓಟಕ್ಕೂ ಇಳಿದು ಬೆಳ್ಳಿ ಗೆದ್ದ. ಅಲ್ಲಿ ಅವನ ಮುಂದೆ ಬಂದವನು ಕೆನ್ಯಾದ ಎನಾಕ್ ಕೋಚ್ ಒಬ್ಬನೇ.

ಬೆಕೆಲೆಯ ಊರು ಬೆಕೋಜಿ. ಇಥಿಯೋಪಿಯಾದ ಆರ್ಸಿ ಸೀಮೆಯಲ್ಲಿ ಸುಮಾರು 2,800 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 2,000 ಮೀಟರನ್ನೂ ಮುಟ್ಟುವುದಿಲ್ಲ. ಅಂಥ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ, ಹಾಗಾಗಿ ಅಲ್ಲಿ ಹುಟ್ಟಿ ಬೆಳೆದವರ ದೇಹ ಅದಕ್ಕೆ ಒಗ್ಗಿರುತ್ತದೆ. ಸುತ್ತಲೂ ಬೇಸಾಯ, ದನಕರು. ಅಲ್ಲಿನ ಮಕ್ಕಳಿಗೆ ಓಟ ಕಲಿಸಿದವರು ಸೆಂತಾಯೆಹು ಎಶೆಟು ಎಂಬ ಶಾಲಾ ಮೇಷ್ಟ್ರು. ಒಲಿಂಪಿಕ್ ಚಿನ್ನ ಗೆದ್ದ ದೆರಾರ್ತು ತುಲು, ತಿರುನೆಶ್ ದಿಬಾಬಾ ಕೂಡ ಅದೇ ಸೀಮೆಯವರು.

ಡಬ್ಲಿನ್ ಕಾಯಿತು

ಕೈಬಿಟ್ಟು ಹೋದ ಓಟ ಡಬ್ಲಿನ್‌ಗೆ ಮರಳಿತು. 2002ರ ಮಾರ್ಚ್‌ನಲ್ಲಿ, ಒಂದು ವರ್ಷ ತಡವಾಗಿ, ಅಲ್ಲಿನ ಲೆಪರ್ಡ್ಸ್‌ಟೌನ್ ಮೈದಾನದಲ್ಲಿ ನಡೆಯಿತು. 19 ವರ್ಷದ ಬೆಕೆಲೆ ಈ ಬಾರಿ ಹಿರಿಯರ ಸಾಲಿನಲ್ಲಿದ್ದ. ಒಂದೇ ಕೂಟದಲ್ಲಿ ಸಣ್ಣ ಓಟ, ದೊಡ್ಡ ಓಟ ಎರಡನ್ನೂ ಗೆದ್ದ. ಅದುವರೆಗೆ ಯಾವ ಗಂಡಸೂ ಹಾಗೆ ಗೆದ್ದಿರಲಿಲ್ಲ. ಅವನು ಅದನ್ನು 2006ರವರೆಗೆ ಸತತ ಐದು ವರ್ಷ ಮಾಡಿದ. 2008ರಲ್ಲಿ ದೊಡ್ಡ ಓಟವನ್ನು ಮತ್ತೊಮ್ಮೆ ಗೆದ್ದ. ಓಸ್ಟೆಂಡ್‌ನ ಜೂನಿಯರ್ ಗೆಲುವೂ ಸೇರಿ ಒಟ್ಟು 12 ವೈಯಕ್ತಿಕ ಚಿನ್ನ. ಟ್ರ್ಯಾಕ್‌ನಲ್ಲಿ ಮೂರು ಒಲಿಂಪಿಕ್ ಚಿನ್ನ. 5,000 ಮತ್ತು 10,000 ಮೀಟರ್‌ಗಳಲ್ಲಿ ಅವನು ಬರೆದ ವಿಶ್ವದಾಖಲೆಗಳು 2020ರವರೆಗೆ ಉಳಿದವು.

ಹಾಗಾದರೆ 2001ರಲ್ಲಿ ಡಬ್ಲಿನ್ ಕಳೆದುಕೊಂಡದ್ದೇನು? ತಯಾರಿಗೆ ಸುರಿದ ದುಡ್ಡು, ಶ್ರಮ, ಒಂದು ವರ್ಷದ ಸಂಭ್ರಮ. ಅದು ಸಣ್ಣದಲ್ಲ. ಆದರೆ ಓಟ ಮರಳಿ ಬಂತು, ಓಟಗಾರನೂ ಬಂದ. ರೋಗ ನುಗ್ಗಿ ಖಾಲಿಯಾದ ಕೊಟ್ಟಿಗೆ ಹಾಗೆ ಒಂದು ವರ್ಷದಲ್ಲಿ ತುಂಬುವುದಿಲ್ಲ.

ನಮ್ಮ ಕೊಟ್ಟಿಗೆಯ ಮಾತು

2013ರಲ್ಲಿ ಕರ್ನಾಟಕದಲ್ಲಿ ಕಾಲುಬಾಯಿ ಜ್ವರ ಬಂದಾಗ ಸಾವಿರಾರು ರಾಸುಗಳು ಸತ್ತವು. ಹಾಲಿನ ದುಡ್ಡಿನಿಂದ ಸಂಸಾರ ನಡೆಸುತ್ತಿದ್ದ ಎಷ್ಟೋ ಮನೆಗಳ ಲೆಕ್ಕ ತಪ್ಪಿತು. ರೋಗ ಬಂದಾಗ ಜಿಲ್ಲಾಡಳಿತ ದನದ ಜಾತ್ರೆ, ಸಂತೆ ನಿಲ್ಲಿಸುತ್ತದೆ. ಆಗ ಸಿಟ್ಟು ಬರುವುದು ಸಹಜ. ವರ್ಷವಿಡೀ ಮೇಯಿಸಿದ ಜೋಡೆತ್ತಿಗೆ ಗಿರಾಕಿ ಸಿಗುವ ದಿನ ಅದು. ಅಂಗಡಿ ಹಾಕುವವರ ಹೊಟ್ಟೆಪಾಡೂ ಅದೇ. ನಿಲ್ಲಿಸಿದವರು ಆ ನಷ್ಟದ ಬಗ್ಗೆಯೂ ಯೋಚಿಸಬೇಕು ಎಂದು ಕೇಳುವುದು ನ್ಯಾಯ. ಆದರೆ ನಿಲ್ಲಿಸಿದ್ದೇ ತಪ್ಪು ಎನ್ನುವ ಮೊದಲು ಮಾರ್ಚ್ 22 ಮತ್ತು ಮಾರ್ಚ್ 24, ಈ ಎರಡು ತಾರೀಖು ನೆನಪಿರಲಿ.

ಬ್ರಿಟನ್ ಆಗ ಕೊಲ್ಲುವ ದಾರಿ ಹಿಡಿಯಿತು. ನಮ್ಮ ದಾರಿ ಲಸಿಕೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಆರು ತಿಂಗಳಿಗೊಮ್ಮೆ ದನ, ಎಮ್ಮೆಗಳಿಗೆ ಉಚಿತವಾಗಿ ಕಾಲುಬಾಯಿ ಲಸಿಕೆ ಹಾಕುತ್ತಾರೆ. ಹಾಲು ಕಡಿಮೆಯಾಗುತ್ತದೆ ಎಂದು ಲಸಿಕೆಯವರನ್ನು ಬಾಗಿಲಿಂದಲೇ ವಾಪಸು ಕಳಿಸುವ ಮನೆಗಳು ಇನ್ನೂ ಇವೆ. ಲಸಿಕೆಯಿಂದ ಹಾಲು ಇಳಿದರೂ ಕೆಲ ದಿನದಲ್ಲಿ ಮರಳುತ್ತದೆ. ರೋಗ ಬಂದು ಹೋದ ಹಸು ಮತ್ತೆ ಮೊದಲಿನಂತೆ ಕರೆಯುತ್ತದೆ ಎಂಬ ಭರವಸೆ ಇಲ್ಲ.

ಮುಂದಿನ ಸುತ್ತಿನ ಲಸಿಕೆ ಯಾವಾಗ ಎಂದು ನಿಮ್ಮ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿಟ್ಟುಕೊಳ್ಳಿ. ಅಂದು ದನಗಳನ್ನು ಮೇಯಲು ಬಿಡದೆ ಮನೆಯಲ್ಲೇ ಕಟ್ಟಿರಿ.