ಕಾಲೀ-ಪೀಲೀ ಟ್ಯಾಕ್ಸಿ, ಅಪ್ಪ ಮತ್ತು ಸರ್ ಎಂ.ವಿ.

ನಾನು ಮುಂಬಯಿಗೆ ಬಂದದ್ದು 1972 ರಲ್ಲಿ. ಬೆಂಗಳೂರಿನಿಂದ ಮೀಟರ್ ಗೇಜ್ ಗಾಡಿ. ಮೀರಜ್ ನಲ್ಲಿ ಇಳಿದು ಇನ್ನೊಂದು ಗಾಡಿ ಹತ್ತಿ, ದಾದರ್ ನಲ್ಲಿ ಕಾಲಿಟ್ಟಾಗ ಜೊತೆಯಲ್ಲಿದ್ದದ್ದು ಒಂದು ಟ್ರಂಕು, ಒಂದು ಹೋಲ್ಡಾಲು, ಮತ್ತೆ ಚಿಕ್ಕಪ್ಪ ಬರೆದಿದ್ದ ಇನ್ ಲ್ಯಾಂಡ್ ಕಾಗದ. ಅದರ ಕೊನೆಯಲ್ಲಿ ಗೆರೆ ಎಳೆದು ಒಂದು ಮಾತು ಬರೆದಿದ್ದರು: "ಟ್ಯಾಕ್ಸಿ ಹತ್ತಬೇಡ, ಬಸ್ಸಿನಲ್ಲೇ ಬಾ". ಆಗ ನಮ್ಮಂಥವರು ಟ್ಯಾಕ್ಸಿ ಹತ್ತುತ್ತಿದ್ದದ್ದು ಹೆರಿಗೆಗೆ, ಮದುವೆಗೆ, ಇಲ್ಲವೇ ಊರಿಂದ ಹಿರಿಯರು ಬಂದಾಗ ಮಾತ್ರ.

ಚಿಕ್ಕಪ್ಪ ಮಾಟುಂಗದಲ್ಲಿದ್ದರು. ಅವರ ಬಾಯಲ್ಲಿ ಯಾವಾಗಲೂ ಟ್ರಾಮಿನ ಮಾತೇ. ಬೊಂಬಾಯಿಯಲ್ಲಿ ಟ್ರಾಮು ಶುರುವಾದದ್ದು 1874 ರಲ್ಲಿ. ಆಗ ಅದನ್ನು ಎಳೆಯುತ್ತಿದ್ದದ್ದು ಕುದುರೆಗಳು. 1907 ರಲ್ಲಿ ವಿದ್ಯುತ್ ಟ್ರಾಮು ಬಂತು. 1964 ರ ಮಾರ್ಚ್ 31 ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಗಾಡಿ ಓಡಿತು. ನಾನು ನೋಡಲಿಲ್ಲ. ಆದರೆ ಹೆಸರು ಹೋಗಲಿಲ್ಲ ನೋಡಿ! ದಾದರಿನ ಆ ಚೌಕಕ್ಕೆ ಈಗಲೂ ಜನ 'ದಾದರ್ ಟೀಟೀ' ಎನ್ನುತ್ತಾರೆ. ಟ್ರಾಮ್ ಟರ್ಮಿನಸ್ ಅಂತ ಅದರ ಅರ್ಥ ಎಂದು ಅಲ್ಲಿ ಬಸ್ಸಿಗೆ ಕಾಯುವ ಎಷ್ಟು ಹುಡುಗರಿಗೆ ಗೊತ್ತೋ!

ರೈಲು ಇನ್ನೂ ಹಳೆಯದು. 1853 ರ ಏಪ್ರಿಲ್ 16 ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿ, 1925 ರಲ್ಲಿ ವಿ.ಟಿ.ಯಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ಲೋಕಲ್, 1926 ರಲ್ಲಿ ಅಫ್ಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್ಟಿಗೆ ಮೊದಲ ಬಸ್ಸು. ಇವೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿಗಳೇ, ಮತ್ತೆ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ನಾನು ಹೇಳಹೊರಟದ್ದು ಟ್ಯಾಕ್ಸಿಯ ಕಥೆ.

ಮೋಟಾರು ಟ್ಯಾಕ್ಸಿ ಈ ಊರಿಗೆ ಬಂದದ್ದು 1911 ರಲ್ಲಿ. ಆದರೆ ಮುಂಬಯಿ ಟ್ಯಾಕ್ಸಿ ಎಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕಪ್ಪು ಮೈ, ಹಳದಿ ತಲೆಯ ಫಿಯಾಟ್. 1964 ರಲ್ಲಿ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆ 'ಫಿಯಾಟ್ 1100 ಡಿಲೈಟ್' ಎಂದು ಶುರುಮಾಡಿದ ಆ ಕಾರಿಗೆ ಆಮೇಲೆ 'ಪ್ರೀಮಿಯರ್ ಪದ್ಮಿನಿ' ಎಂಬ ಹೆಸರು ಬಂತು. ಹೆಸರೇನೋ ಬದಲಾಯಿತು, ಟ್ಯಾಕ್ಸಿಯವರ ಬಾಯಲ್ಲಿ ಮಾತ್ರ ಕೊನೆಯವರೆಗೂ 'ಫಿಯಾಟ್' ಆಗಿಯೇ ಉಳಿಯಿತು. ಗೇರು ಸ್ಟಿಯರಿಂಗ್ ಪಕ್ಕದಲ್ಲೇ ಇದ್ದದ್ದರಿಂದ ಮುಂದಿನ ಸೀಟು ಮನೆಯ ಬೆಂಚಿನ ಹಾಗೆ ಉದ್ದಕ್ಕೆ ಒಂದೇ. ಮೀಟರು ಹೊರಗೆ, ಎಡಗಡೆಗೆ. ಡ್ರೈವರು ಕೈ ಚಾಚಿ ಕಿರ್ರೆಂದು ಅದರ ಬಾವುಟ ತಿರುಗಿಸಿದನೆಂದರೆ 'ಮೀಟರ್ ಡೌನ್'. ಬಾಡಿಗೆ ಎಷ್ಟಾಯಿತೆಂದು ನೋಡಲು ನಾವು ಕಿಟಕಿಯಿಂದ ಕತ್ತು ಹೊರಗೆ ಹಾಕಬೇಕು. ಬರಬರುತ್ತಾ ಮೀಟರಿನಲ್ಲಿ ಕಾಣುವ ಅಂಕಿ ಒಂದು, ಕೊಡುವ ದುಡ್ಡು ಇನ್ನೊಂದು ಆಯಿತು. ಡ್ರೈವರ ಜೇಬಿನಿಂದ ಮಾಸಿದ ಒಂದು ಕಾರ್ಡು ಹೊರಬರುತ್ತಿತ್ತು, ಅದರಲ್ಲಿ ಬೆರಳಿಟ್ಟು ಲೆಕ್ಕ. ಹೊಸಬರಿಗೆ ಇದು ಮೋಸ ಎಂದೇ ಅನ್ನಿಸುತ್ತಿತ್ತು. ಮೋಸವಲ್ಲ, ದರ ಏರಿದ ಹಾಗೆಲ್ಲ ಅಷ್ಟು ಮೀಟರುಗಳನ್ನು ಬದಲಿಸಲಾಗದೆ ಕಂಡುಕೊಂಡ ಉಪಾಯ ಅದು. ಸಿ.ಎನ್.ಜಿ. ಬಂದಮೇಲೆ ಡಿಕ್ಕಿಯಲ್ಲಿ ಸಿಲಿಂಡರ್ ಕೂತಿತು, ನಮ್ಮ ಪೆಟ್ಟಿಗೆಗಳು ಮೇಲಿನ ಕ್ಯಾರಿಯರ್ ಹತ್ತಿದವು.

ಇನ್ನು ರಿಕ್ಷಾದ ವಿಷಯ. ಸಾಯನ್ ಮತ್ತು ಬಾಂದ್ರಾ ದಾಟಿ ಈಚೆಗೆ ಅದು ಬರುವಂತಿಲ್ಲ. ಉಪನಗರದವರಾದ ನಮಗೆ ಮನೆಯಿಂದ ಸ್ಟೇಷನ್ನಿಗೆ ರಿಕ್ಷಾ, ಅಲ್ಲಿಂದ ಲೋಕಲ್, ಚರ್ಚ್ ಗೇಟಿನಲ್ಲಿ ಇಳಿದರೆ ನರಿಮನ್ ಪಾಯಿಂಟಿಗೆ ಶೇರ್ ಟ್ಯಾಕ್ಸಿ. ಪರಿಚಯವಿಲ್ಲದ ಮೂವರ ಜೊತೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಒಂದು ಮಾತೂ ಆಡದೆ ಇಳಿದು ಹೋಗುವುದನ್ನು ನಾನು ಕಲಿತದ್ದೇ ಅಲ್ಲಿ.

1979 ರಲ್ಲಿ ಅಪ್ಪ ಊರಿಂದ ಬಂದರು. ಆ ಹೊತ್ತಿಗೆ ನನಗೆ ಮದುವೆಯಾಗಿ ಘಾಟ್ಕೋಪರಿನಲ್ಲಿ ಒಂದು ಕೋಣೆಯ ಮನೆಯಾಗಿತ್ತು. ಹಿರಿಯರು ಬಂದಿದ್ದಾರಲ್ಲ ಎಂದು ದಾದರಿನಿಂದ ಟ್ಯಾಕ್ಸಿ ಮಾಡಿದೆ. ಅಪ್ಪ ಚಿಂತಾಮಣಿಯ ಕಡೆ ಮೇಷ್ಟರಾಗಿದ್ದವರು. ಆ ಸೀಮೆಯ ಮೇಷ್ಟರುಗಳಿಗೆ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೆಂದರೆ ಏನು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಸಾಯನ್ ದಾಟಿ ಕುರ್ಲಾದಲ್ಲಿ ಪ್ರೀಮಿಯರ್ ಕಾರ್ಖಾನೆ ಬಂದಾಗ, "ಈ ಕಾರು ತಯಾರಾಗುವುದು ಇಲ್ಲೇ ಅಪ್ಪಾ" ಎಂದೆ. ಅಪ್ಪ ಕಿಟಕಿಯಿಂದ ಬಗ್ಗಿ ನೋಡಿ, "ಇದು ನಮ್ಮ ಬೆಂಗಳೂರಿಗೆ ಬರಬೇಕಾಗಿದ್ದ ಕಾರ್ಖಾನೆ ಕಣೋ. ಸರ್ ಎಂ.ವಿ. ಮಾಡಿದ್ದ ಯೋಜನೆ" ಅಂದರು. ನನಗೆ ನಗು ತಡೆಯಲಾಗಲಿಲ್ಲ. "ಅಪ್ಪಾ, ಎಲ್ಲಾ ಅವರೇ ಮಾಡಿದ್ದು ಅಂತೀರಲ್ಲ, ಈ ಸಮುದ್ರ ತೋಡಿಸಿದ್ದೂ ಅವರೇನಾ?" ಎಂದುಬಿಟ್ಟೆ. ನನ್ನ ಹೆಂಡತಿಯೂ ನಕ್ಕಳು. ಅಪ್ಪ ಘಾಟ್ಕೋಪರ್ ಬರುವವರೆಗೆ ಮತ್ತೆ ಮಾತಾಡಲಿಲ್ಲ.

ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 1951 ರಲ್ಲಿ ಪ್ರಕಟವಾದ ವಿಶ್ವೇಶ್ವರಯ್ಯನವರ ಆತ್ಮಕಥೆ ಕೈಗೆ ಸಿಕ್ಕಿತು. ಅದನ್ನು ಓದಿ, ಅದರ ಜಾಡು ಹಿಡಿದು ಅಲ್ಲಿ ಇಲ್ಲಿ ಹುಡುಕಿದಾಗ ಗೊತ್ತಾಯಿತು, ಅಪ್ಪ ಹೇಳಿದ್ದು ನಿಜ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935 ರಲ್ಲಿ, ಅವರು ಯೂರೋಪು ಅಮೆರಿಕಾಗಳ ಮೋಟಾರು ಕಾರ್ಖಾನೆಗಳನ್ನು ಸುತ್ತಿ ಬಂದು ಇಲ್ಲಿಗೆ ಒಂದು ಯೋಜನೆ ಸಿದ್ಧಪಡಿಸಿದ್ದರು. ಉದ್ಯಮಿ ವಾಲಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡು ಅಮೆರಿಕದ ಕ್ರೈಸ್ಲರ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡರು. ಮೊದಲು ಬೊಂಬಾಯಿ ಪ್ರಾಂತ್ಯದ ಕಾಂಗ್ರೆಸ್ ಸರ್ಕಾರ ನೆರವು ಕೊಡಲು ಒಪ್ಪಿತ್ತು. 1939 ರಲ್ಲಿ ಆ ಸರ್ಕಾರವೇ ರಾಜೀನಾಮೆ ಕೊಟ್ಟು ಹೋಯಿತು. ಆಮೇಲೆ ಮೈಸೂರು ಸಂಸ್ಥಾನ ಮುಂದೆ ಬಂತು. ಕಾರ್ಖಾನೆ ಬೆಂಗಳೂರಿನಲ್ಲಿ ಎಂದು ಮಾತಾಯಿತು. ಆದರೆ ಬ್ರಿಟಿಷ್ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ಯುದ್ಧಕ್ಕೆ ಇದರಿಂದ ಪ್ರಯೋಜನವಿಲ್ಲ ಎಂಬುದು ಅವರ ಸಬೂಬು. ತಮಾಷೆಯೆಂದರೆ ಅದೇ ವಾಲಚಂದ್, ಅದೇ ಮೈಸೂರು ಸರ್ಕಾರ ಸೇರಿ 1940 ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದವು, ಇಂದಿನ ಎಚ್.ಎ.ಎಲ್.! ವಿಮಾನಕ್ಕೆ ಹೂಂ ಎಂದವರು ಕಾರಿಗೆ ಊಹೂಂ ಎಂದರು. ಕೊನೆಗೆ 1944 ರಲ್ಲಿ ವಾಲಚಂದ್ ಬೊಂಬಾಯಿಯಲ್ಲೇ ಪ್ರೀಮಿಯರ್ ಕಂಪನಿ ಕಟ್ಟಿದರು.

ಅಂದರೆ ನಮ್ಮಲ್ಲಿ ಸಾವಿರಾರು ಜನ ಕೆಲಸ ಹುಡುಕಿಕೊಂಡು ಬಂದ ಈ ಊರಿಗೆ, ಅಲ್ಲಿ ಆಗಬೇಕಿದ್ದ ಕೆಲಸವೂ ನಮಗಿಂತ ಮುಂಚೆಯೇ ಬಂದು ಕೂತಿತ್ತು. ಆ ಕಾರ್ಖಾನೆ ಬೆಂಗಳೂರಿನಲ್ಲೇ ಆಗಿದ್ದರೆ ನಾನು ಮೀರಜ್ ಗಾಡಿ ಹತ್ತುತ್ತಿದ್ದೆನೋ ಇಲ್ಲವೋ. ಆದರೂ ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕೊರೆದದ್ದು ಆ ಟ್ಯಾಕ್ಸಿಯಲ್ಲಿ ನಾನು ನಕ್ಕ ನಗು.

ಪದ್ಮಿನಿಯ ತಯಾರಿಕೆ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಕುರ್ಲಾದ ಆ ಜಾಗದಲ್ಲಿ ಈಗ ಎತ್ತರದ ಕಟ್ಟಡಗಳು ಎದ್ದಿವೆ. ರಸ್ತೆಗೆ ಮಾತ್ರ ಪ್ರೀಮಿಯರ್ ರೋಡ್ ಎಂಬ ಹೆಸರಿದೆ. ಮುಂಬಯಿಯಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷ ಆಯುಸ್ಸು. ಕೊನೆಯ ಪದ್ಮಿನಿ ನೋಂದಣಿಯಾದದ್ದು 2003 ರ ಅಕ್ಟೋಬರಿನಲ್ಲಿ, ಹಾಗಾಗಿ 2023 ರ ಅಕ್ಟೋಬರ್ 30 ಕ್ಕೆ ಅವುಗಳ ಓಡಾಟ ಮುಗಿಯಿತು. ಅದಕ್ಕೆ ಒಂದೂವರೆ ತಿಂಗಳ ಹಿಂದಷ್ಟೇ ಹಳೆಯ ಕೆಂಪು ಡಬಲ್ ಡೆಕ್ಕರ್ ಬಸ್ಸು ಕೂಡ ನಿಂತಿತ್ತು.

ಆ ಅಕ್ಟೋಬರ್ ಮುಗಿಯುವ ಮೊದಲು ಒಂದು ಭಾನುವಾರ ಸಾಯನ್ ನಲ್ಲಿ ಒಂದು ಮುದಿ ಫಿಯಾಟ್ ಸಿಕ್ಕಿತು. "ಕಹಾಂ ಜಾನಾ ಹೈ ಚಾಚಾ?" ಎಂದ ಜೌನ್ ಪುರದ ಡ್ರೈವರು. ಮಾಹಿಮಿನ ಕರ್ನಾಟಕ ಸಂಘಕ್ಕೆ ಎಂದೆ. ಅಲ್ಲಿಯ ಸಭಾಗೃಹಕ್ಕೆ ವಿಶ್ವೇಶ್ವರಯ್ಯನವರದೇ ಹೆಸರು. ಅವತ್ತು ಅಲ್ಲಿ ಕಾರ್ಯಕ್ರಮ ಏನೂ ಇರಲಿಲ್ಲ, ನನಗೆ ಕೆಲಸವೂ ಇರಲಿಲ್ಲ. ಗೇಟಿನ ಮುಂದೆ ಐದು ನಿಮಿಷ ಗಾಡಿ ನಿಲ್ಲಿಸಿಕೊಂಡು ಕೂತಿದ್ದೆ. "ಉತರನಾ ನಹೀಂ?" ಎಂದು ಅವನು ತಿರುಗಿ ಕೇಳಿದ. ಇಲ್ಲ, ಘಾಟ್ಕೋಪರಿಗೆ ಹೊರಡು, ಕುರ್ಲಾ ಮೇಲೆ ಹೋಗು ಎಂದೆ.